ಇಪ್ಪತ್ತೆಂಟನೆಯ ಚೌಕ

ಟೊಲಿಡೊ ಊರಿನ ಒಂದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ
ಗುರುವಾರ ಸಂಜೆ ಐದಕ್ಕೆ ನಮ್ಮ ಬಾಗಿಲು ತೆರೆಯುತ್ತದೆ.
ವಕೀಲೆ ಒಬ್ಬಳು, ಎರಡು ಮೇಜು, ಕೆಟ್ಟ ಕಾಫಿ, ನಾನು.
ಕೆಳಗೆ ಯಂತ್ರ ಜೋರಾಗಿ ತಿರುಗಿದಾಗ ನೆಲ ನಡುಗುತ್ತದೆ;
ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ:
ಬಟ್ಟೆ ಹಿಂಡುತ್ತಿದೆ, ಅಷ್ಟೆ.

ಲೆಮ್ಯುಯೆಲ್ ಓಡಮ್ ಗೋಡೆಗೆ ಆತ ಕುರ್ಚಿಯನ್ನೇ ಹುಡುಕಿ ಕೂತ.
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಿಂದ ಹಾಳೆ ತೆಗೆದ,
ಮಡಿಕೆ ಮಡಿಕೆಗೂ ಟೇಪು.
ಹದಿನೆಂಟು ವರ್ಷದಲ್ಲಿ ಅದನ್ನು ತೋರಿಸಿದ್ದು ಒಬ್ಬನಿಗೆ.
ಬಸ್ ಡಿಪೋದ ಮ್ಯಾನೇಜರು ಓದಿ,
ಎರಡು ಬೆರಳಲ್ಲಿ ಹಿಡಿದು ಹಿಂದಿರುಗಿಸಿದನಂತೆ.

ಇಪ್ಪತ್ತೆಂಟನೆಯ ಚೌಕ. ಬಿಡುಗಡೆಗೆ ಕಾರಣ:
ವ್ಯಕ್ತಿತ್ವ ದೋಷ.

ಎಂದರೆ, ಹುಟ್ಟುಗುಣ.
ಎಂದರೆ, ಸೈನ್ಯಕ್ಕೆ ಬರುವಾಗಲೇ ಇವನು ಹೀಗಿದ್ದ,
ನಮ್ಮ ಕೈಯಿಂದ ಆದದ್ದಲ್ಲ, ನಮ್ಮ ಸಾಲವೂ ಅಲ್ಲ.
ಸುಟ್ಟರೂ ಹೋಗದ್ದು ಎನ್ನುತ್ತಾರಲ್ಲ, ಅದು.
ಸುಟ್ಟದ್ದಂತೂ ನಿಜ. ರಮಾದಿಯ ಹೊರಗೆ,
ಮೂವರಿದ್ದ ಗಾಡಿ, ಹೊರಬಂದವನು ಒಬ್ಬ.
ಈ ಗುಣ ಸುಟ್ಟ ಮೇಲೆ ಹುಟ್ಟಿದ್ದು:
ಇಷ್ಟನ್ನು ಹೇಳಲು ನಮಗೆ ನಲವತ್ತೊಂದು ಪುಟ ಬೇಕಾಯಿತು.

ಹೈಸ್ಕೂಲಿನ ಬ್ಯಾಂಡ್ ಮೇಷ್ಟರ ಕಾಗದ: ಹುಡುಗ ಟ್ಯೂಬಾ ಊದುತ್ತಿದ್ದ,
ಕುರ್ಚಿ ಜೋಡಿಸಲು ಎಲ್ಲರಿಗಿಂತ ಮೊದಲು ಬರುತ್ತಿದ್ದ.
ಅಕ್ಕ ಒಡೆಸ್ಸಾ ಪೆನ್ಸಿಲಿನಲ್ಲಿ ಬರೆದದ್ದು:
ಹೋದವನು ನಿದ್ದೆಯಲ್ಲೂ ನಗುವವನು,
ಬಂದವನು ಬೂಟು ಹಾಕಿಕೊಂಡೇ ಸ್ನಾನದ ತೊಟ್ಟಿಯಲ್ಲಿ ಮಲಗುವವನು.
ಅಮರಿಲೊದಲ್ಲಿ ಟೈರ್ ಅಂಗಡಿ ಇಟ್ಟಿರುವ ಅಂದಿನ ಮೆಡಿಕ್
ಒಂದೂವರೆ ಪುಟ ಕಳಿಸಿದ್ದ; ವಾಕ್ಯದ ಅರ್ಧಕ್ಕೆ ನಿಲ್ಲಿಸಿ,
ಕ್ಷಮಿಸಿ, ನನ್ನಿಂದ ಇಷ್ಟೇ, ಎಂದು ಸಹಿ.

ನಾನು ಹೇಳಬೇಕಾದದ್ದೂ ಒಂದಿತ್ತು. ಮೂರು ಗುರುವಾರ ಹೇಳಲಿಲ್ಲ.
ನಾಲ್ಕನೆಯ ಗುರುವಾರ, ಸ್ಟೇಪ್ಲರಿಗೆ ಪಿನ್ನು ತುಂಬುತ್ತಾ:
ಆ ವರ್ಷ, ಆ ದಂಡಿನ ಕಚೇರಿಯಲ್ಲಿ
ಈ ಹಾಳೆಗಳನ್ನು ಟೈಪು ಮಾಡುತ್ತಿದ್ದ ವರ್ನಾ ಕೊಲಾಚೆಕ್
ನಾನೇ.
ದಿನಕ್ಕೆ ಮೂವತ್ತು. ಹಿಂದಿನ ಹಾಳೆಯ ಕಾರಣವನ್ನೇ
ಮುಂದಿನದಕ್ಕೆ ಇಳಿಸುವುದು, ಹೆಸರು ಬದಲಿಸುವುದು,
ಮಧ್ಯಾಹ್ನ ಸ್ಯಾಂಡ್‌ವಿಚ್ ತಿಂದು, ಕೈ ಒರೆಸಿಕೊಂಡು, ಮತ್ತೆ.
ಪದ ವೈದ್ಯರದು. ಬೆರಳು ನನ್ನದು.

ಕೆಳಗೆ ಯಂತ್ರ ನಿಂತಿತು.
ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು? ಕೇಳಿದ.
ನಾಲ್ಕು ನಿಮಿಷ.
ತುಟಿಯಲ್ಲೇ ಏನೋ ಲೆಕ್ಕ ಹಾಕಿದ, ಮುಗಿಸಲಿಲ್ಲ.
ನನ್ನ ಹೆಸರಿನ ಕೊನೆಗೆ ಒಂದೇ ಎಲ್, ಎಂದ,
ನೀವು ಎರಡು ಹಾಕಿದ್ದೀರಿ. ಅದನ್ನೂ ಅರ್ಜಿಗೆ ಸೇರಿಸಿ.

ತಿದ್ದುವುದು. ಅಕ್ಷರ ಕಲಿಯುವ ಮಗು ಹೇಗೆ ತಿದ್ದುತ್ತದೋ ಹಾಗೆ,
ಬರೆದ ಗೆರೆಯ ಮೇಲೇ ಬೆರಳಿಟ್ಟು
ಬೆರಳು ನೋಯುವ ತನಕ.
ಆ ರಾತ್ರಿ, ಆ ಗಾಡಿ, ಆ ಇಬ್ಬರ ಹೆಸರು,
ಪ್ರತಿ ಕರಡಿನಲ್ಲೂ ಇನ್ನೊಮ್ಮೆ. ಐದು ಕರಡು.
ಒಮ್ಮೆ ಮಾತ್ರ ಎದ್ದು ಹೋಗಿ, ಮೆಟ್ಟಿಲ ಮೇಲೆ ಕೂತು, ಮರಳಿ ಬಂದ.

ಹದಿನಾಲ್ಕು ತಿಂಗಳಾದ ಮೇಲೆ ಮಂಡಳಿಯ ಲಕೋಟೆ.
ಕ್ಷಮೆಯ ಮಾತೊಂದೂ ಇಲ್ಲ, ಹೊಸ ಹಾಳೆ.
ಇಪ್ಪತ್ತೆಂಟನೆಯ ಚೌಕದಲ್ಲಿ:
ಕಾರ್ಯದರ್ಶಿಯ ಅಧಿಕಾರದ ಮೇರೆಗೆ.
ಹಾಗೆಂದರೇನು, ಒಡೆಸ್ಸಾ ಕೇಳಿದಳು.
ಏನೂ ಇಲ್ಲ, ಎಂದೆ.
ಏನೂ ಹೇಳದ ಒಂದು ಪದ ಸಿಗಲು ಇಷ್ಟೆಲ್ಲ.

ಹೆಸರು ಮಾತ್ರ ಹಾಗೇ ಇತ್ತು, ಎರಡು ಎಲ್.
ಲೆಮ್ಯುಯೆಲ್ ನಕ್ಕ; ಆ ನಗು ನಾನು ಕಂಡದ್ದು ಅದೇ ಮೊದಲು.
ಇನ್ನೊಂದು ಫಾರಂ ಎಳೆದುಕೊಂಡೆ.
ಕೆಳಗೆ ಯಾರೋ ನಾಣ್ಯ ಹಾಕಿದರು, ನೆಲ ಅದುರಿತು.
ಬಟ್ಟೆ, ಎಂದು ನಾನು ಹೇಳುವ ಮೊದಲೇ
ಬಟ್ಟೆ, ಎಂದ ಅವನು,
ಮೇಜಿನ ಅಂಚು ಗಟ್ಟಿಯಾಗಿ ಹಿಡಿದು.